ಈ ಬದಿ ಮೇಲೆ

ಗುಂಡ್ಲುಪೇಟೆ
25 ಜುಲೈ 2025

ಚಾಮರಾಜನಗರದ ಅಕ್ಕನವರ ಸನ್ನಿಧಾನಕ್ಕೆ ತಮ್ಮ ದಿಲೀಪನ ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗವೇನಿದ್ದರೂ ಕಾಗದದ ಮೇಲೆ ಮಾತ್ರ. ಸದ್ಯ ಬಗ್ಗಿದರೆ ಏಳಿಸಲು ಇಬ್ಬರು ಬೇಕು.

ವಿಷಯ: ಎಡಗಾಲು.
ಉಲ್ಲೇಖ: ಇಲ್ಲ.

ನಿನ್ನೆ ಬೆಳಿಗ್ಗೆ ಊಟಿ ರಸ್ತೆಯಲ್ಲಿ ಓಡುತ್ತಿದ್ದೆ. ಈ ಕಾಲದಲ್ಲಿ ಆ ರಸ್ತೆಯ ಎರಡೂ ಬದಿ ಸೂರ್ಯಕಾಂತಿ, ಸೂರ್ಯಕಾಂತಿಯ ಮುಂದೆ ಕೇರಳದ ಕಾರು, ಕಾರಿನ ಮುಂದೆ ಹಲ್ಲು ಬಿಟ್ಟುಕೊಂಡು ನಿಂತ ಸಂಸಾರ. "ಚೇಟ್ಟಾ, ಒರು ಫೋಟೋ" ಎಂದು ಒಬ್ಬಾಕೆ ಮೊಬೈಲು ಕೈಗಿತ್ತಳು. ಇಡೀ ಸಂಸಾರ ಹಿಡಿಯಲಿ ಎಂದು ಹಿಂದೆ ಹಿಂದೆ ಸರಿದೆ. ಸಂಸಾರ ಹಿಡಿಯಿತು, ನಾನು ಚರಂಡಿಗೆ ಹೋದೆ. ಫೋಟೋ ಚೆನ್ನಾಗಿ ಬಂದಿದೆಯಂತೆ. ಕಾಲಿನ ಗಿಣ್ಣಿಗೆ ಸ್ವಲ್ಪ, ಬಹಳ ಸ್ವಲ್ಪ, ಉಳುಕು.

ಈ ವಿಷಯ ಫೋನಿನಲ್ಲಿ ಹೇಳುವಂತಿಲ್ಲ. ನಮ್ಮ ಮನೆಯಲ್ಲಿ ಫೋನು ಸದಾ ಸ್ಪೀಕರಿನಲ್ಲೇ ಮಾತಾಡುತ್ತದೆ. ಮನೆಯೊಡತಿ ಶಶಿರೇಖಾಗೆ ತಿಳಿದರೆ ಓಟಕ್ಕೆ ಅಲ್ಲೇ ತಡೆಯಾಜ್ಞೆ. ಆದ್ದರಿಂದ ಬಸ್ಸಿನ ಕಂಡಕ್ಟರ್ ರಾಚಯ್ಯನ ಕೈಯಲ್ಲಿ ಈ ಕವರು.

ಓಟ ಆಗಸ್ಟ್ ಹದಿನೇಳಕ್ಕೆ, ನಿಮ್ಮೂರ ಸ್ಟೇಡಿಯಮ್ಮಿನಲ್ಲಿ. ಸರ್ಕಾರಿ ನೌಕರರ ಕ್ರೀಡಾಕೂಟ, ಐದು ಸಾವಿರ ಮೀಟರು. ಪ್ರತಿ ವರ್ಷ ಖಜಾನೆಯ ಮಹದೇವಪ್ರಸಾದ್ ಮೊದಲು, ತಾಲ್ಲೂಕು ಕಚೇರಿಯ ನಾನು ಎರಡನೆಯವನು. ಮುಂದಿನ ವರ್ಷ ನಲವತ್ತು ತುಂಬಿ ಹಿರಿಯರ ವಿಭಾಗಕ್ಕೆ ಬೀಳುತ್ತೇನೆ. ಅಲ್ಲಿ ಓಟವಿಲ್ಲ, ನಡಿಗೆ. ಹುಟ್ಟಿ ನಾಲ್ಕು ವರ್ಷವಾದರೂ ನಡೆಯದೆ ಕುಂತೇ ಇದ್ದೆನೆಂದು ನಮ್ಮೂರು ಹರದನಹಳ್ಳಿಯಲ್ಲಿ ನನ್ನನ್ನು ಇಂದಿಗೂ 'ಕುಂತಣ್ಣ' ಎನ್ನುತ್ತಾರಲ್ಲ, ಆ ಬಿರುದನ್ನು ಹಿಂದಿರುಗಿಸಲು ನನಗಿರುವುದು ಇದೊಂದೇ ಅವಕಾಶ.

ಊದಿದ ಕಾಲು ಹಳೇ ಶೂವಿಗೆ ಹೋಗುತ್ತಿಲ್ಲ. ಸಂತೆಗೆ ಹೊರಡುವಾಗ ಅಮ್ಮ ನಮ್ಮ ಪಾದವನ್ನು ಹಳೇ ಕ್ಯಾಲೆಂಡರಿನ ಮೇಲಿಟ್ಟು ಸುತ್ತ ಗೆರೆ ಎಳೆದುಕೊಂಡು ಹೋಗಿ ಚಪ್ಪಲಿ ತರುತ್ತಿದ್ದಳಲ್ಲ, ಹಾಗೆಯೇ ಎಡಪಾದದ ಅಳತೆ ಇಟ್ಟಿದ್ದೇನೆ. ದೊಡ್ಡಂಗಡಿ ಬೀದಿಯಲ್ಲಿ ಒಂದು ಜೊತೆ ನೋಡು.

ದಿಲೀಪ


ಚಾಮರಾಜನಗರ
28 ಜುಲೈ 2025

ಲೋ ದಿಲೀಪ,

ನೀನು ಕಳಿಸಿದ್ದು ಪಾದದ ಅಳತೆ ಎಂದು ಪತ್ರ ಓದಿದ ಮೇಲೆ ತಿಳಿಯಿತು. ಅಲ್ಲಿಯವರೆಗೆ ಗುಂಡ್ಲುಪೇಟೆಯಿಂದ ಬದನೆಕಾಯಿಯ ಚಿತ್ರ ಯಾಕೆ ಬಂತೆಂದು ಅಮ್ಮನೂ ನಾನೂ ಚರ್ಚಿಸುತ್ತಿದ್ದೆವು. "ಬಹಳ ಸ್ವಲ್ಪ" ಉಳುಕಿದ ಕಾಲು ಹೀಗಿರುವುದಿಲ್ಲ. ನಾನು ದರ್ಜಿ ಕಣೋ. ಗೆರೆ ನೋಡಿದರೆ ಮೈ ಹೇಗಿದೆ ಎಂದು ಗೊತ್ತಾಗುತ್ತದೆ. ಶೂ ಇಲ್ಲ. ಕಾಲಿಗೆ ದಿಂಬು ಕೊಟ್ಟು ಮಲಗು.

ಕಾಗದ ಇನ್ನೂ ಬೆಚ್ಚಗಿತ್ತು. ರಾಚಯ್ಯ ಇಂಜಿನ್ನಿನ ಮೇಲಿಟ್ಟಿರಬೇಕು.

ಅಮ್ಮ ಸುಮ್ಮನಿರುತ್ತಾಳೆಯೆ? "ಕಾಲ್ ಮುಂದಾಗಿ ಉಟ್ಟಿರೋಳು ನೀನು. ಒಂದ್ಸಲ ತುಳುದ್ಬುಡು ಕಣಮ್ಮಿ. ಪಾಪ, ಮಗ ಅಲ್ಲೆಲ್ಲೋ ಒದ್ದಾಡ್ತಾ ಅದೆ" ಎಂದು ಹಟ ಹಿಡಿದಳು. ನಿನಗೆ ನೆನಪಿದೆಯೋ ಇಲ್ಲವೋ. ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಬಂತಂತೆ. ಹಾಗೆ ಹುಟ್ಟಿದವರು ತುಳಿದರೆ ಉಳುಕು ಹೋಗುತ್ತದೆಂದು ಹರದನಹಳ್ಳಿಯಲ್ಲಿ ಬೆಳಗಾದರೆ ನಮ್ಮ ಜಗಲಿಯ ಮೇಲೆ ನಾಲ್ಕಾರು ಬೆನ್ನುಗಳು ಬೋರಲು ಮಲಗಿರುತ್ತಿದ್ದವು. ಹಲ್ಲುಜ್ಜುವುದಕ್ಕೆ ಮೊದಲು ನನಗೆ ಊರಿನ ಬೆನ್ನು ತುಳಿಯುವ ಕೆಲಸ.

ನೀನಲ್ಲಿ, ನಾನಿಲ್ಲಿ, ಬೆನ್ನೆಲ್ಲಿ ಎಂದೆ. "ಈ ಕಾಗ್ದುನ್ ಮ್ಯಾಲೇ ತುಳಿ, ಅದೂ ಅವ್ನ್ ಕಾಲೇ ತಾನೇ" ಎಂದಳು. ಎಪ್ಪತ್ತೆಂಟು ವರ್ಷದ ದೊಡ್ಡಮಲ್ಲಮ್ಮನ ಜೊತೆ ವಾದ ಮಾಡಿ ಗೆದ್ದವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ. ಮೂರು ಸಲ ತುಳಿದೆ. ಈಗ ತಾನೇ ತುಳಿದು ಬಂದು ಕುಳಿತು ಬರೆಯುತ್ತಿದ್ದೇನೆ. ನಗಬೇಡ.

ಸುಧಾಮಣಿ


ಗುಂಡ್ಲುಪೇಟೆ
29 ಜುಲೈ 2025

ಅಕ್ಕ,

ನಗುತ್ತಿಲ್ಲ.

ನಿನ್ನೆ ಹನ್ನೊಂದರ ಟೀ ಹೊತ್ತಿಗೆ ಕಚೇರಿಯಲ್ಲಿ ಪಹಣಿ ತಿದ್ದುತ್ತಾ ಕುಳಿತಿದ್ದೆ. ಮೇಜಿನ ಕೆಳಗೆ ಯಾರೋ ನನ್ನ ಕಾಲು ತುಳಿದರು. ಒಂದು ಸಲವಲ್ಲ, ಮೂರು ಸಲ, ನಿಧಾನವಾಗಿ, ಅಳತೆ ನೋಡಿ ತುಳಿದ ಹಾಗೆ. ಬಗ್ಗಿ ನೋಡಿದೆ. ಕಸದಬುಟ್ಟಿ ಬಿಟ್ಟರೆ ಏನೂ ಇಲ್ಲ. ಅಟೆಂಡರ್ ನಿಂಗಯ್ಯನನ್ನು ಕೇಳಿದೆ. "ಬೆಕ್ಕಿರ್ಬೇಕು ಬುಡಿ ಸಾ" ಎಂದ. ಬೆಕ್ಕಿಗೆ ಅಷ್ಟು ತೂಕವಿರುವುದಿಲ್ಲ. ಕಾಲುಚೀಲ ಬಿಚ್ಚಿದರೆ ಅದರ ಮೇಲೆ ನೀಲಿ ಪುಡಿ. ಬಟ್ಟೆಗೆ ಗುರುತು ಹಾಕಲು ನಿನ್ನ ಮನೆಯಲ್ಲಿರುವ ಸೀಮೆಸುಣ್ಣದ್ದೇ ಬಣ್ಣ. ತಾಲ್ಲೂಕು ಕಚೇರಿಯಲ್ಲಿ ಎಲ್ಲ ಬಗೆಯ ಧೂಳೂ ಇದೆ, ನೀಲಿ ಧೂಳು ಮಾತ್ರ ಇರಲಿಲ್ಲ.

ಸಂಜೆ ನಿನ್ನ ಪತ್ರ ಬಂತು. ಓದಿ ಕಾಲುಚೀಲವನ್ನು ಮತ್ತೊಮ್ಮೆ ಬಿಚ್ಚಿ ನೋಡಿದೆ.

ಈಗ ದೂರು. ಎಡಗಾಲಿನ ನೋವು ಪೂರಾ ಮಾಯ. ಬಲಗಾಲಿಗೆ ಬಂದಿದೆ! ಅದೇ ನೋವು, ಅದೇ ಜಾಗ, ಅದೇ ಊತ, ಕಾಲು ಮಾತ್ರ ಬೇರೆ. ಇಡೀ ರಾತ್ರಿ ಯೋಚಿಸಿದ ಮೇಲೆ ಹೊಳೆಯಿತು. ಎಡಪಾದದ ಗೆರೆ ಇರುವ ಕಾಗದವನ್ನು ಮಗುಚಿದರೆ ಅದು ಬಲಪಾದವಾಗುತ್ತದೆ. ನಿಜ ಹೇಳು, ಕಾಗದ ಮಗುಚಿ ಹಾಕಿ ತುಳಿದೆಯಾ?

ಹಾಗಿದ್ದರೆ ಇನ್ನೊಂದು ಸಲ ಸರಿಯಾಗಿ ತುಳಿ. ಖಜಾನೆಯವನು ಈಗ ಬೆಟ್ಟ ಹತ್ತಿ ಅಭ್ಯಾಸ ಮಾಡುತ್ತಿದ್ದಾನಂತೆ.

ದಿಲೀಪ


ಚಾಮರಾಜನಗರ
4 ಆಗಸ್ಟ್ 2025

ದಿಲೀಪ,

ಉತ್ತರ ತಡವಾಯಿತು. ಶುಕ್ರವಾರ ವರಮಹಾಲಕ್ಷ್ಮಿ. ಊರಿನ ಎಲ್ಲ ಲಕ್ಷ್ಮಿಯರಿಗೂ ಗುರುವಾರದೊಳಗೆ ಬ್ಲೌಸು ಬೇಕು.

ಹೌದು, ಮಗುಚಿ ಹಾಕಿದ್ದೆ. ಬಟ್ಟೆಯ ಒಳಬದಿಗೆ ಗುರುತು ಹಾಕಿ, ಗುರುತು ಕಾಣದ ಹಾಗೆ ಇಡುವುದು ನಮ್ಮ ಕಸುಬಿನ ರೂಢಿ. ಕೈ ತಾನಾಗಿಯೇ ಹಾಗೆ ಮಾಡಿತು. ತಪ್ಪು ನನ್ನದು, ಒಪ್ಪಿದೆ.

ಇನ್ನೊಂದು ಸಲ ತುಳಿಯುವುದಿಲ್ಲ. ಉಳುಕು ತಾನಾಗಿಯೇ ಬರುತ್ತದೆ, ತಾನಾಗಿಯೇ ಹೋಗುತ್ತದೆ. ಆಯುರ್ವೇದದ ಎಣ್ಣೆ ಹಚ್ಚು. ಮೇಜಿನ ಕೆಳಗೆ ಬೆಕ್ಕೇ ಇದ್ದಿರಬೇಕು, ನಿಂಗಯ್ಯ ಬುದ್ಧಿವಂತ. ಇನ್ನು ಕಾಲಿನ ಕಾಗದ ಕಳಿಸಬೇಡ.

ಅಮ್ಮ ಇದನ್ನೆಲ್ಲ ಕೇಳಿ, "ಬುಡು, ಅವ್ನ್ಗೆ ಏನೂ ಏಳ್ಬ್ಯಾಡ" ಎಂದಳು. ಹೇಳುವುದಕ್ಕೆ ಏನೂ ಇಲ್ಲದ್ದರಿಂದ ಹೇಳುತ್ತಿಲ್ಲ.

ಸುಧಾ


ಗುಂಡ್ಲುಪೇಟೆ
5 ಆಗಸ್ಟ್ 2025

ಶ್ರೀಮತಿ ಸುಧಾಮಣಿಯವರಿಗೆ,

ತಮ್ಮ ಒಂದು ತಪ್ಪಿನಿಂದ ಜಿಲ್ಲೆಯ ಒಬ್ಬ ಪ್ರಮುಖ ಓಟಗಾರನ ಬಲಗಾಲು ನಷ್ಟವಾಗಿದ್ದು, ಸದರಿ ನಷ್ಟವನ್ನು ಸರಿಪಡಿಸುವುದು ತಮ್ಮ ಹೊಣೆಯಾಗಿರುತ್ತದೆ.

ಊರಿನವರಿಗೆಲ್ಲ ಪುಕ್ಕಟೆ ತುಳಿದವಳಿಗೆ ತಮ್ಮನನ್ನು ತುಳಿಯಲು ಬಿಗುಮಾನ. ನಾನೊಬ್ಬ ಗೆದ್ದುಬಿಟ್ಟರೆ ಮನೆಯಲ್ಲಿ ನಿನ್ನ ಯಜಮಾನಿಕೆ ಕಡಿಮೆಯಾದೀತೆಂಬ ಹೆದರಿಕೆಯೇನೋ.

ಬಲಪಾದದ ಹೊಸ ಅಳತೆ ಇಟ್ಟಿದ್ದೇನೆ. ಈ ಸಲ ತಪ್ಪಿಗೆ ಅವಕಾಶವಿಲ್ಲ. ಚುನಾವಣೆಯ ಪೆಟ್ಟಿಗೆಗಳಿಗೆ ಹೊಡೆಯುವ ನೇರಳೆ ಸೀಲು ನಮ್ಮ ಬೀರುವಿನಲ್ಲಿತ್ತು. ಕಾಗದದ ನೆತ್ತಿಗೆ ಹೊಡೆದಿದ್ದೇನೆ: 'ಈ ಬದಿ ಮೇಲೆ'. ಕೆಳಗೆ ಸಹಿ, ದಿನಾಂಕ. ಇಷ್ಟು ಅಧಿಕೃತವಾದ ಕಾಲು ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಅಕ್ಕ, ತಮಾಷೆ ಸಾಕು. ಮೆಟ್ಟಿಲಿಳಿಯಲು ಗೋಡೆ ಹಿಡಿಯುತ್ತಿದ್ದೇನೆ. ಈ ಸಲ ಓಡದಿದ್ದರೆ ಮತ್ತೆ ಓಡುವುದಿಲ್ಲ. ಕುಂತಣ್ಣ ಕುಂತೇ ಸಾಯುತ್ತಾನೆ. ತುಳಿ.

ದಿಲೀಪ


ಚಾಮರಾಜನಗರ
9 ಆಗಸ್ಟ್ 2025

ದಿಲೀಪ,

ತುಳಿದೆ.

ಇನ್ನು ಕಾಲು ನೋಡಿಕೊಳ್ಳಬೇಡ, ಕೇಳಬೇಡ, ಓಡು. ಕಾಗದವನ್ನು ಎತ್ತಿ ನೋಡಿದರೆ ನಿನ್ನ ಪೆನ್ಸಿಲ್ ಗೆರೆ ಇರಲಿಲ್ಲ. ಉಜ್ಜಿ ಹೋಗಿದ್ದಲ್ಲ, ಎಳೆದೇ ಇಲ್ಲದ ಹಾಗೆ. ಸೀಲು ಮಾತ್ರ ಉಳಿದಿದೆ. ಸರ್ಕಾರಿ ಶಾಯಿಯನ್ನು ಯಾರೂ ಅಳ್ಳಾಡಿಸಲಾರರು.

ಹೊಲಿಗೆ ಮಿಷನ್ನಿಗೆ ಮೋಟರ್ ಹಾಕಿಸಿದೆ. ಎಷ್ಟು ದಿನ ಪೆಡಲು ತುಳಿಯುವುದು? ಕಾಲ ಬದಲಾಗಿದೆ. ಹದಿನೇಳಕ್ಕೆ ಸ್ಟೇಡಿಯಮ್ಮಿಗೆ ನಾನು ಬರುವುದಿಲ್ಲ, ಮದುವೆಯ ಬಟ್ಟೆಗಳಿವೆ.

ಈ ಕವರನ್ನು ಬಸ್‌ಸ್ಟ್ಯಾಂಡಿಗೆ ಆಟೋದವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಸುಧಾ


ಗುಂಡ್ಲುಪೇಟೆ
12 ಆಗಸ್ಟ್ 2025

ಅಕ್ಕ,

ಬಲಗಾಲು ಗರಿಯ ಹಾಗಿದೆ. ಎರಡೂ ಕಾಲು ಗರಿಯ ಹಾಗಿವೆ. ಇಷ್ಟು ಹಗುರ ಕಾಲು ನನಗೆ ಯಾವತ್ತೂ ಇರಲಿಲ್ಲ. ನಾನು ನಿಂತರೂ ಅವು ಹೊರಡುತ್ತವೆ, ಹಿಂದಿನಿಂದ ನಾನು ಹೋಗುತ್ತೇನೆ.

ಒಂದು ವಿಚಿತ್ರ. ಭಾನುವಾರ ಮಳೆ ಬಂದು ನಿಂತಿತ್ತು. ಚೆಂಡುಹೂವಿನ ಹೊಲದ ಪಕ್ಕದ ಮೆತ್ತನೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಿದೆ. ತಿರುಗಿ ನೋಡಿದರೆ ನನ್ನ ಹೆಜ್ಜೆಗಳು ನನ್ನವಲ್ಲ. ಚಿಕ್ಕವು, ಹೆಬ್ಬೆರಳಿಗಿಂತ ಎರಡನೆಯ ಬೆರಳು ಉದ್ದ. ಬಲಗಾಲಿನ ಪ್ರತಿ ಹೆಜ್ಜೆಯ ಹಿಂದೆ ಒಂದು ಗೀರು, ಕಾಲೆಳೆದ ಹಾಗೆ. ನಾನು ಕಾಲೆಳೆದಿರಲಿಲ್ಲ. ಹಾರುತ್ತಿದ್ದೆ. ಮತ್ತೆ ಓಡಿದೆ, ಮತ್ತೆ ಅದೇ ಹೆಜ್ಜೆ. ಹೊಲದವನು ಹೂವು ಕೀಳುವುದು ಬಿಟ್ಟು ನೋಡಿದ. "ಇದ್ಯಾಕಣ್ಣ, ನೀನ್ ಓಡ್ದಾಗ ಎಣ್ ಮಗೀನ್ ಎಜ್ಜೆ ಬತ್ತಾವಲ್ಲ?" ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಬುಟ್ಟಿ ಎತ್ತಿಕೊಂಡು ಹೊಲದ ಆ ಕಡೆಗೆ ಹೋದ.

ನಿನ್ನೆ ಎದೆಗೆ ಸಿಕ್ಕಿಸುವ ನಂಬರು ಪಡೆಯಲು ನಿಮ್ಮೂರಿಗೆ ಬಂದಿದ್ದೆ. ಬಸ್ಸಿಗೆ ಹೊತ್ತಾಗಿದ್ದರಿಂದ ಮನೆಗೆ ಬರಲಿಲ್ಲ, ಬೈಯಬೇಡ. ಬಸ್‌ಸ್ಟ್ಯಾಂಡಿನಲ್ಲಿ ಹರದನಹಳ್ಳಿಯ ಪುಟ್ಟಮಾದಮ್ಮ ಸಿಕ್ಕಿದ್ದಳು. ಏನೇನೋ ಹಳೇ ಮಾತು ಆಡಿದಳು.

ಇರಲಿ. ನಿನ್ನ ಋಣ ತೀರಿಸಬೇಕಲ್ಲ. ಒಂದು ಜೊತೆ ಒಳ್ಳೇ ಚಪ್ಪಲಿ ತರುತ್ತೇನೆ. ಪಾದದ ಅಳತೆ ಕಳಿಸು. ಮೊಬೈಲ್ ಫೋಟೋ ಬೇಡ, ಫೋಟೋದಲ್ಲಿ ಕಾಲು ಕುಗ್ಗುತ್ತದೆ.

ದಿಲೀಪ


ಚಾಮರಾಜನಗರ
14 ಆಗಸ್ಟ್ 2025

ದಾನಶೂರನಾದ ತಮ್ಮನಿಗೆ,

ಮದುವೆಯಾದ ಮೇಲೆ ನೀನು ನನಗೆ ಕೊಟ್ಟ ಉಡುಗೊರೆಗಳಲ್ಲಿ ಇದೇ ಮೊದಲನೆಯದು. ಹಾಗಾಗಿ ಬಹಳ ಭಕ್ತಿಯಿಂದ ಗೆರೆ ಎಳೆದಿದ್ದೇನೆ. ಎಡಪಾದದ್ದು ಒಂದೇ ಇಟ್ಟಿದ್ದೇನೆ. ಇನ್ನೊಂದನ್ನು ಅಂಗಡಿಯವನು ಊಹಿಸಿಕೊಳ್ಳಲಿ. ಹಿಮ್ಮಡಿ ಎತ್ತರ ಬೇಡ.

ಚಪ್ಪಲಿ ಅಂದಿದ್ದೀಯ, ಚಪ್ಪಲಿಯನ್ನೇ ತಾ. ಬೇರೆ ಯೋಚನೆಯಿದ್ದರೆ ಬಿಡು. ನೀನು ತಲೆ ಮುಂದಾಗಿ ಹುಟ್ಟಿದವನು. ನೀನು ತುಳಿದರೆ ಕಾಗದ ಮಾಸುತ್ತದೆ, ಅಷ್ಟೆ.

ಮಣ್ಣಿನ ಹೆಜ್ಜೆ ಯಾವುದೋ ಹುಡುಗಿಯದಿರುತ್ತದೆ. ಪುಟ್ಟಮಾದಮ್ಮನಿಗೆ ಈಗ ಅರಳುಮರಳು. ಅವಳ ಮಾತು ತಲೆಗೆ ಹಚ್ಚಿಕೊಳ್ಳಬೇಡ.

ಗೆದ್ದು ಬಾ.

ಸುಧಾ


ಚಾಮರಾಜನಗರ
17 ಆಗಸ್ಟ್ 2025, ಸಂಜೆ

ಏನು ಮಾಡಿದೆ ದಿಲೀಪ?

ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದೆ. ಯಾರೋ ನನ್ನ ಬಲಗಾಲು ತುಳಿದರು. ಮೂರು ಸಲ. ಹಿಂದೆ ಯಾರೂ ಇಲ್ಲ, ಅಮ್ಮ ಇನ್ನೂ ಮಲಗಿದ್ದಳು. ಬಗ್ಗಿ ನೋಡಿದರೆ ಪಾದದ ಮೇಲೆ ನೇರಳೆ ಶಾಯಿ, ತಿರುವುಮುರುವಾದ ಅಕ್ಷರ. ಅಮ್ಮನ ಕುಂಕುಮದ ಕನ್ನಡಿ ತಂದು ಹಿಡಿದು ಓದಿದೆ. ಈ ಬದಿ ಮೇಲೆ.

ಚೊಂಬು ಬಿಟ್ಟು ಹೊರಟೆ. ಬೀದಿ ದಾಟಿದ ಮೇಲೆ ಗೊತ್ತಾಯಿತು, ನಾನು ನಡೆಯುತ್ತಿರಲಿಲ್ಲ. ಓಡುತ್ತಿದ್ದೆ ಕಣೋ. ಸೆರಗು ಸಿಕ್ಕಿಸಿಕೊಂಡು, ಚಪ್ಪಲಿಯಿಲ್ಲದೆ, ದೊಡ್ಡಂಗಡಿ ಬೀದಿಯ ಉದ್ದಕ್ಕೂ. ಹಾಲಿನವನು ಸೈಕಲ್ ನಿಲ್ಲಿಸಿಬಿಟ್ಟ. ಕಾಲಿನ ಸದ್ದು ನನಗೇ ಹೊಸದು. ಇಷ್ಟು ವರ್ಷ ಒಂದು ತಟ್, ಒಂದು ಸರ್ ಎನ್ನುತ್ತಿದ್ದುದು ಈಗ ತಟ್ ತಟ್ ಎನ್ನುತ್ತಿತ್ತು. ಹೆದರಿಕೆಯಾಯಿತು. ನಿಲ್ಲಬೇಕೆನ್ನಿಸಲಿಲ್ಲ.

ಊರೆಲ್ಲ ಸುತ್ತಿ ಬಂದು ಸ್ಟೇಡಿಯಮ್ಮಿನ ಕಂಬಿ ಹಿಡಿದು ನೋಡಿದೆ. ಖಜಾನೆಯವನು ಮುಗಿಸಿ ನೀರು ಕುಡಿಯುತ್ತಿದ್ದ. ಎಲ್ಲರೂ ಮುಗಿಸಿದ್ದರು. ನೀನೊಬ್ಬ ಬಲಗಾಲೆಳೆಯುತ್ತಾ ಬರುತ್ತಿದ್ದೆ. ಆ ನಡಿಗೆ ನನಗೆ ಗೊತ್ತು. ನಾನು ಕೂಗಿದೆ, ನೀನು ತಿರುಗಲಿಲ್ಲ. ಹಿಂದಿನ ಗೇಟಿನಿಂದ ಬಸ್ಸು ಹತ್ತಿಬಿಟ್ಟೆ. ನಾನು ಬಸ್ಸಿನ ಹಿಂದೆ ಓಡಿದೆ. ರಾಚಯ್ಯ ಕಿಟಕಿಯಿಂದ, "ಅಕ್ಕಾರೇ, ಓಡ್ತಿರೋದು ನೀವೇನಾ?" ಎಂದು ಕೂಗಿದ.

ನನ್ನ ಪಾದದ ಕಾಗದ ಎಲ್ಲಿದೆ? ಸುಟ್ಟುಬಿಡು. ಇಲ್ಲ, ಕಳಿಸು, ನಾನೇ ಸರಿ ಮಾಡುತ್ತೇನೆ.

ಸುಧಾ


ಗುಂಡ್ಲುಪೇಟೆ
19 ಆಗಸ್ಟ್ 2025

ಅಕ್ಕ,

ವಿಷಯ: ಬಲಗಾಲು.
ಉಲ್ಲೇಖ: ಪುಟ್ಟಮಾದಮ್ಮನ ಮಾತು.

"ನಿಮ್ಮಕ್ಕ ಓಡಕ್ಕೆ ನಿಂತ್ರೆ ಗಂಡ್ ಐಕ್ಳು ಓಡಕ್ಕೇ ಬತ್ತಿರ್ನಿಲ್ಲ ಕಣಪ್ಪ" ಎಂದಳು. "ಸ್ಕೂಲ್ನಲ್ಲಿ ಲೋಟ, ತಟ್ಟೆ, ಎಲ್ಲಾ ಅವ್ಳೇ ಗೆಲ್ತಿದ್ದದ್ದು. ನೀನ್ ನಡೀನಿಲ್ಲಾ ಅಂತ ನಿಮ್ಮವ್ವ ದಿನಾ ಬೆಳಗ್ಗೆ ಅವ್ಳಿಂದ ನಿನ್ ಕಾಲ್ನ ತುಳುಸ್ತಿದ್ಳು. ನೀನ್ ನಡದೆ. ಅವ್ಳು ಓಡದು ಬುಟ್ಬುಟ್ಳು."

ನಾವು ಊಟ ಮಾಡುತ್ತಿದ್ದ ಆ ಸ್ಟೀಲ್ ತಟ್ಟೆಗಳ ಹಿಂದೆ ಕೊರೆದಿದ್ದ ಅಕ್ಷರವನ್ನು ನಾನು ಎಂದೂ ಓದಿರಲಿಲ್ಲ. ನೀನು ಯಾಕೆ ಕಾಲೆಳೆಯುತ್ತೀಯ ಎಂದು ಚಿಕ್ಕಂದಿನಲ್ಲಿ ಅಮ್ಮನನ್ನು ಕೇಳಿದ್ದೆ. "ಅವ್ಳ್ ನಡ್ಗೇನೇ ಅಂಗೆ" ಎಂದಿದ್ದಳು. ನಂಬಿ ಆಡಲು ಹೋದೆ.

ಅವತ್ತು ಮನೆಗೆ ಬರಲಿಲ್ಲ ಎಂದದ್ದು ಸುಳ್ಳು. ಬೀದಿಯ ತಿರುವಿನವರೆಗೆ ಬಂದೆ. ನೀನು ಬಾಗಿಲಿನಿಂದ ನಲ್ಲಿಯವರೆಗೆ ಗೋಡೆ ಹಿಡಿದು ಹೋಗುತ್ತಿದ್ದೆ. ನಾನು ವಾರದ ಹಿಂದೆ ಮೆಟ್ಟಿಲಿಳಿದ ಹಾಗೇ.

ನೀನು ಜಾಣೆ, ನೋಯದ ಎಡಗಾಲಿನ ಅಳತೆ ಕಳಿಸಿದೆ. ಆದರೆ ಮಗುಚಿದರೆ ಎಡ ಬಲವಾಗುತ್ತದೆಂದು ನನಗೆ ಕಲಿಸಿದವಳೂ ನೀನೇ. ಮಗುಚಿ, ಸೀಲು ಹೊಡೆದು, ಸ್ಟೇಡಿಯಮ್ಮಿನ ಹುಲ್ಲಿನ ಮೇಲಿಟ್ಟೆ. ತಲೆ ಮುಂದಾಗಿ ಹುಟ್ಟಿದವನಿಂದ ಆಗುವುದಿಲ್ಲ ಎಂದಿದ್ದೆಯಲ್ಲ, ನಾನು ತುಳಿದದ್ದು ನನ್ನ ಕಾಲಿನಿಂದಲ್ಲ. ಹೊಲದ ಮಣ್ಣೇ ಸಾಕ್ಷಿ. ನನ್ನ ಕೆಳಗಿದ್ದುದು ಕಾಲು ಮುಂದಾಗಿ ಹುಟ್ಟಿದವಳ ಕಾಲು.

ಓಟ ಮುಗಿದ ಮೇಲೆ ತುಳಿಯಬಹುದಿತ್ತು. ಹಾಗೇ ಅಂದುಕೊಂಡು ಬಂದಿದ್ದೆ. ಆದರೆ ನಾನು ಗುಮಾಸ್ತ. ಗೆದ್ದಿದ್ದರೆ ಸರ್ಟಿಫಿಕೇಟಿನಲ್ಲಿ ಯಾರ ಹೆಸರು ಬರೆಸುವುದು? ಸುಳ್ಳು ಹೆಸರಿಗೆ ಸೀಲು ಬಿದ್ದರೆ ನಿದ್ದೆ ಬರುವುದಿಲ್ಲ.

ಕಾಗದ ಕಳಿಸುವುದಿಲ್ಲ. ಕಳಿಸುವುದಕ್ಕೆ ಅದರಲ್ಲಿ ಏನೂ ಇಲ್ಲ. ಗೆರೆ ಹೋಗಿದೆ.

ಒಂದೇ ತೊಂದರೆ. ಬಚ್ಚಲಿನಿಂದ ನಡುಮನೆಯವರೆಗೆ ಎರಡು ದಿನದಿಂದ ಬೆಳಿಗ್ಗೆ ಒದ್ದೆ ಹೆಜ್ಜೆಗಳಿರುತ್ತವೆ. ಚಿಕ್ಕವು, ಎರಡನೆಯ ಬೆರಳು ಉದ್ದ. ಯಾವುದರ ಹಿಂದೆಯೂ ಗೀರಿಲ್ಲ. ಓಡಿ ಬಂದ ಹಾಗೆ ದೂರ ದೂರ ಬಿದ್ದಿರುತ್ತವೆ, ನನ್ನ ಹಾಸಿಗೆಯ ಹತ್ತಿರ ಬಂದು ನಿಂತಿರುತ್ತವೆ. ಶಶಿರೇಖಾ ಒರೆಸಲು ಹೋದಳು, ನಾನು ಬೇಡವೆಂದೆ. ತುಳಿಯದೆ ದಾಟಿಕೊಂಡು ಹೋಗುತ್ತೇನೆ. ಪಾಪ, ಓಡಿ ಎಷ್ಟು ವರ್ಷವಾಯಿತೋ.

"ಯಾಕ್ರೀ ಕಾಲೆಳೀತೀರಿ?" ಎಂದು ನಿನ್ನೆ ಅವಳು ಕೇಳಿದಳು.

ನನ್ನ ನಡಿಗೆಯೇ ಹಾಗೆ ಎಂದೆ.

ದಿಲೀಪ